ಗುಳಿಗೆಯೋ, ಮಾತೋ?

ಕಾಲು ಮುರಿದವನ ಮನೆಗೆ ನೆರೆಹೊರೆಯವರು ಬಂದು ಹೋಗುತ್ತಾರೆ. ಎಲುಬು ಕೂಡಿತೇ, ಕಟ್ಟು ಬಿಚ್ಚಿದರೇ ಎಂದು ವಿಚಾರಿಸುತ್ತಾರೆ. ಕಟ್ಟು ಬಿಚ್ಚಿದ ದಿನ ಎಲ್ಲರಿಗೂ ಸಮಾಧಾನ. ಆದರೆ ಅದೇ ಅಪಘಾತದಲ್ಲಿ ತರಚುಗಾಯದೊಂದಿಗೆ ಪಾರಾದವನನ್ನು 'ಪುಣ್ಯವಂತ' ಎಂದು ಕರೆದು ಜನ ಮರೆತುಬಿಡುತ್ತಾರೆ. ಆ ಪುಣ್ಯವಂತ ನಡುರಾತ್ರಿಯಲ್ಲಿ ಬೆವತು ಎದ್ದು ಕುಳಿತುಕೊಳ್ಳುವುದನ್ನು ಕಾಣುವವಳು ಅವನ ಹೆಂಡತಿ ಒಬ್ಬಳೇ.

ರಾಣೇಬೆನ್ನೂರಿನಲ್ಲಿ ಅಂಥ ಒಂದು ಮನೆಯಿದೆಯೆಂದು ಓದುಗರು ಊಹಿಸಿಕೊಳ್ಳಲಿ. ಯಜಮಾನನಿಗೆ ನಲವತ್ತರ ಆಸುಪಾಸಿನ ವಯಸ್ಸು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿಯೊಂದರ ಗುಮಾಸ್ತ. ಸೋಮವಾರ, ಗುರುವಾರ ಪೇಟೆಯ ದಿನ. ಸುಗ್ಗಿಯ ತಿಂಗಳುಗಳಲ್ಲಿ ಚೀಲಗಳ ಸಾಲುಗಳ ನಡುವೆ ತಲೆಯೆತ್ತಲು ಬಿಡುವಿಲ್ಲ. ಒಂದು ಸಂಜೆ ಮೋಟೆಬೆನ್ನೂರಿನ ಬಳಿ ಹೆದ್ದಾರಿಯಲ್ಲಿ, ಆತ ಕುಳಿತಿದ್ದ ಸರಕಿನ ಗಾಡಿಗೆ ಲಾರಿಯೊಂದು ಅಪ್ಪಳಿಸಿತು. ಪಕ್ಕದಲ್ಲಿದ್ದ ಚಾಲಕ ಅಲ್ಲಿಯೇ ತೀರಿಕೊಂಡ. ಗುಮಾಸ್ತನ ಹಣೆಗೆ ನಾಲ್ಕು ಹೊಲಿಗೆ ಬಿದ್ದವು, ಅಷ್ಟೇ.

ಮೂರು ತಿಂಗಳು ಕಳೆದಿವೆ. ಹೊಲಿಗೆಯ ಗುರುತು ಮಾಸುತ್ತಿದೆ. ಆದರೆ ಲಾರಿಯ ಹಾರ್ನ್ ಕೇಳಿದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ. ಡೀಸೆಲ್ ವಾಸನೆಯೊಡನೆ ಒಣಮೆಣಸಿನಕಾಯಿಯ ಘಾಟು ಮೂಗಿಗೆ ತಾಗಿದೊಡನೆ ಆ ಸಂಜೆ ಮತ್ತೆ ಕಣ್ಣಮುಂದೆ ನಡೆಯತೊಡಗುತ್ತದೆ. ಬಸ್ಸನ್ನು ಬಿಟ್ಟು ರೈಲಿನಲ್ಲಿಯೇ ಹೋಗುತ್ತಾನೆ. ರೈಲು ತಪ್ಪಿದ ದಿನ ರಜೆ ಹಾಕುತ್ತಾನೆ. ಬೇಗ ಹೊರಡೆಂದು ಚಾಲಕನನ್ನು ಅವಸರಪಡಿಸಿದವನು ತಾನೇ ಎಂಬ ಒಂದೇ ಯೋಚನೆ ತಲೆಯೊಳಗೆ ಗಿರಣಿಯಂತೆ ತಿರುಗುತ್ತಿರುತ್ತದೆ. ಮಕ್ಕಳ ಕೈಯಿಂದ ಪಾತ್ರೆ ಬಿದ್ದರೂ ಮನೆಯಲ್ಲಿ ಕೂಗಾಟ.

'ಅಂಜಿಕಿ ಹೊಕ್ಕೈತಿ, ಒಂದು ತಾಯಿತ ಕಟ್ಟಸ್ರಿ' ಎನ್ನುತ್ತಾಳೆ ತಾಯಿ. ಪೇಟೆಯ ಗೆಳೆಯನೊಬ್ಬ ನಿದ್ರೆಯ ಗುಳಿಗೆಯ ಹೆಸರನ್ನು ಚೀಟಿಯ ಮೇಲೆ ಬರೆದುಕೊಟ್ಟಿದ್ದಾನೆ. ಹೆಂಡತಿ ಹಾವೇರಿಯಲ್ಲಿ ಶಿಕ್ಷಕನಾಗಿರುವ ತನ್ನ ಅಣ್ಣನೆದುರು ಕಣ್ಣೀರಿಡುತ್ತಾಳೆ: 'ಅಣ್ಣಾ, ಗುಳಿಗಿ ತಗೊಂಡ್ರ ಅಷ್ಟ ಇವರು ಕಣ್ಣು ಮುಚ್ತಾರ. ಇಲ್ಲಂದ್ರ ರಾತ್ರಿಯೆಲ್ಲಾ ಕುಂತಾ ಇರ್ತಾರ.' ಅಣ್ಣನ ಉತ್ತರ ಚಿಕ್ಕದು: 'ನಿದ್ದಿ ಬರಸೂದು ಬ್ಯಾರೆ ತಂಗಿ, ಅಂಜಿಕಿ ಬಿಡಸೂದು ಬ್ಯಾರೆ.'

ಈ ಎರಡು ಕೆಲಸಗಳ ನಡುವಿನ ಅಂತರವನ್ನು ಅರಿಯುವುದೇ ಈ ವಾರದ ವಿಷಯ.

ಹೆಸರಿರುವ ಬೇನೆ

ಮೇಲಿನ ಕುಟುಂಬ ಊಹೆಯದು. ಆದರೆ ಅದರ ಹಿಂದಿರುವ ರಸ್ತೆ ಊಹೆಯದಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸಿನ ಬಳಿ, ನಿಂತಿದ್ದ ಲಾರಿಗೆ ಟೆಂಪೋ ವಾಹನವೊಂದು ಅಪ್ಪಳಿಸಿ 13 ಜನ ಮಡಿದರು. ದೇವರ ದರ್ಶನ ಮುಗಿಸಿಕೊಂಡು ಊರಿಗೆ ಮರಳುತ್ತಿದ್ದ ಶಿವಮೊಗ್ಗ ಜಿಲ್ಲೆಯವರು ಅವರು. ಅದೇ ವರ್ಷದ ಮಾರ್ಚ್ 11ರ ಸೋಮವಾರ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಧಾರಣೆ ಕುಸಿದುದರಿಂದ ರೊಚ್ಚಿಗೆದ್ದ ಗುಂಪು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿಯಿಟ್ಟಿತು. ಇಂಥ ಸುದ್ದಿಗಳಲ್ಲಿ ಸತ್ತವರ ಸಂಖ್ಯೆ ಬರುತ್ತದೆ, ಸುಟ್ಟ ವಾಹನಗಳ ಲೆಕ್ಕ ಬರುತ್ತದೆ. ಕಂಡವರು, ಉಳಿದವರು, ಎತ್ತಿ ಸಾಗಿಸಿದವರು ಯಾವ ಲೆಕ್ಕದಲ್ಲಿಯೂ ಬರುವುದಿಲ್ಲ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಆಂಗ್ಲ ವೈದ್ಯರು ಇಂಥ ಸ್ಥಿತಿಯನ್ನು 'ಶೆಲ್ ಶಾಕ್' ಎಂಬ ಹೆಸರಿನಿಂದ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರ್ಣಿಸಿದರು. ಫಿರಂಗಿ ಗುಂಡಿನ ಸ್ಫೋಟವೇ ಇದಕ್ಕೆ ಕಾರಣವೆಂಬ ಭಾವನೆ ಆಗ ಇದ್ದಿತು. 1980ರಲ್ಲಿ ಅಮೆರಿಕದ ಮನೋವೈದ್ಯ ಸಂಘವು ತನ್ನ ರೋಗಪಟ್ಟಿಯಲ್ಲಿ ಇದಕ್ಕೆ ಈಗಿನ ಹೆಸರನ್ನು ಕೊಟ್ಟಿತು. ಕನ್ನಡದಲ್ಲಿ ಅದನ್ನು ಆಘಾತೋತ್ತರ ಒತ್ತಡದ ಬೇನೆ ಎನ್ನಬಹುದು. ಯುದ್ಧವೇ ಆಗಬೇಕೆಂದಿಲ್ಲ, ಅಪಘಾತ, ಅತ್ಯಾಚಾರ, ಬೆಂಕಿ, ನೆರೆ, ಹೊಡೆದಾಟ, ಇವುಗಳಲ್ಲಿ ಯಾವುದೂ ಇದಕ್ಕೆ ಮೂಲವಾಗಬಹುದು. ಕರ್ನಾಟಕಕ್ಕೂ ಇದು ಹೊಸದಲ್ಲ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಮಕ್ಕಳು, ಅಸುನೀಗಿದರು. ಅವರ ಮನೆಯವರ ಶೋಕವನ್ನು ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಮುಂದೆ ಅಭ್ಯಾಸ ಮಾಡಿದರು.

ಬೇನೆಯ ಲಕ್ಷಣಗಳನ್ನು ವೈದ್ಯರು ನಾಲ್ಕು ಗುಂಪುಗಳಾಗಿ ವಿಂಗಡಿಸುತ್ತಾರೆ: ಕರೆಯದೆ ಬರುವ ನೆನಪು ಮತ್ತು ದುಃಸ್ವಪ್ನ, ನೆನಪು ತರುವ ಎಡೆ, ಜನ, ಮಾತುಗಳಿಂದ ತಪ್ಪಿಸಿಕೊಳ್ಳುವುದು, 'ತಪ್ಪು ನನ್ನದೇ', 'ಲೋಕವನ್ನು ನಂಬುವಂತಿಲ್ಲ' ಎಂಬಂಥ ಕವಿದ ಮನಸ್ಸು, ಸದಾ ಎಚ್ಚರದ, ಬೆಚ್ಚುವ, ಸಿಡುಕುವ ಮೈ. ಇವು ಒಂದು ತಿಂಗಳು ಮೀರಿಯೂ ಉಳಿದು ಸಂಸಾರವನ್ನೂ ಕೆಲಸವನ್ನೂ ಕೆಡಿಸತೊಡಗಿದರೆ ಮಾತ್ರ ಅದಕ್ಕೆ ಬೇನೆಯೆಂಬ ಹೆಸರು. ಮೊದಲ ವಾರಗಳಲ್ಲಿ ಬೆಚ್ಚಿ ಬೀಳದವರು ವಿರಳ. ಅವರಲ್ಲಿ ಹೆಚ್ಚಿನವರು ಯಾವ ಚಿಕಿತ್ಸೆಯೂ ಇಲ್ಲದೆ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಆದುದರಿಂದ ಅಪಘಾತವಾದ ಮರುದಿನವೇ ಗುಳಿಗೆಗಾಗಿ ಓಡುವುದೂ ಸಲ್ಲದು, 'ಏನಾಯಿತು, ಎಲ್ಲ ಹೇಳು' ಎಂದು ಪೀಡಿಸುವುದೂ ಸಲ್ಲದು. ಆಗಷ್ಟೇ ಪಾರಾಗಿ ಬಂದವರಿಂದ ಘಟನೆಯನ್ನು ಬಲವಂತವಾಗಿ ಹೇಳಿಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಎಚ್ಚರಿಸಿದೆ.

ಮೇಲಿನ ಗುಮಾಸ್ತನಿಗೆ ಮೂರು ತಿಂಗಳಾಗಿವೆ. ಆತ ಕಾಯಬಹುದಾದ ಕಾಲ ಮುಗಿದಿದೆ. ಇನ್ನು ಆರಿಸಿಕೊಳ್ಳಬೇಕಾದುದು ಯಾವುದನ್ನು?

ಗುಳಿಗೆಯ ಯೋಗ್ಯತೆ

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಮನೆಮಂದಿಗೆ ಎಲ್ಲ ಗುಳಿಗೆಯೂ 'ನಿದ್ರೆಯ ಗುಳಿಗೆ'. ವೈದ್ಯರಿಗೆ ಹಾಗಲ್ಲ, ಅಲ್ಲಿ ಎರಡು ಬೇರೆಬೇರೆ ಜಾತಿಗಳಿವೆ.

ಒಂದು ಜಾತಿ ಡಯಾಜೆಪಾಮ್, ಆಲ್ಪ್ರಜೋಲಾಮ್ ಮೊದಲಾದುವು. ನುಂಗಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮೈ ಸಡಿಲಾಗುತ್ತದೆ, ಕಣ್ಣೆಳೆಯುತ್ತದೆ. ಇಷ್ಟು ಬೇಗ ಸುಖ ಕೊಡುವುದರಿಂದಲೇ ಇವು ಜನಪ್ರಿಯ. ಆದರೆ ಆಘಾತೋತ್ತರ ಬೇನೆಯನ್ನು ಇವು ಗುಣಪಡಿಸುವುದಿಲ್ಲ. ಕೆಲವು ವಾರಗಳಲ್ಲಿಯೇ ಮೈಗೆ ಅಭ್ಯಾಸವಾಗಿ ಪ್ರಮಾಣ ಏರುತ್ತದೆ, ಬಿಡಹೋದರೆ ನಡುಕ ಹಿಡಿಯುತ್ತದೆ. ಮದ್ಯದೊಡನೆ ಸೇರಿದರೆ ಉಸಿರಿಗೇ ಅಪಾಯ. ಆಘಾತದ ಮೊದಲ ತಿಂಗಳಲ್ಲಿ ಇವುಗಳನ್ನು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೇಳಿತು. ಬೇನೆ ನೆಲೆಯೂರಿದ ಮೇಲೂ ಬಳಸಬಾರದೆಂದು ಅಮೆರಿಕದ ಸೈನಿಕ ಇಲಾಖೆಗಳ 2023ರ ಮಾರ್ಗಸೂಚಿ ಹೇಳುತ್ತದೆ. ಭಾರತದಲ್ಲಿ 2014ರಿಂದ ಡಯಾಜೆಪಾಮ್ ಮತ್ತು ಆಲ್ಪ್ರಜೋಲಾಮ್‌ಗಳು 'ಎಚ್1' ಪಟ್ಟಿಯಲ್ಲಿವೆ: ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ ಅಂಗಡಿಯವರು ವೈದ್ಯರ ಹೆಸರನ್ನೂ ರೋಗಿಯ ಹೆಸರನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಗೆಳೆಯನು ಬರೆದುಕೊಟ್ಟ ಚೀಟಿಗೆ ಅಲ್ಲಿ ಬೆಲೆಯಿಲ್ಲ, ಇರಲೂಕೂಡದು.

ಇನ್ನೊಂದು ಜಾತಿ ಖಿನ್ನತೆಗೆ ಕೊಡುವ ಔಷಧಗಳದು. ಅವುಗಳಲ್ಲಿ ಸರ್ಟ್ರಾಲಿನ್, ಪ್ಯಾರಾಕ್ಸಿಟಿನ್, ವೆನ್ಲಾಫ್ಯಾಕ್ಸಿನ್ ಎಂಬ ಮೂರಕ್ಕೆ ಈ ಬೇನೆಯಲ್ಲಿ ಒಳ್ಳೆಯ ಆಧಾರವಿದೆ. ಸರ್ಟ್ರಾಲಿನ್‌ಗೆ 1999ರಲ್ಲಿಯೂ ಪ್ಯಾರಾಕ್ಸಿಟಿನ್‌ಗೆ 2001ರಲ್ಲಿಯೂ ಅಮೆರಿಕದ ಔಷಧ ನಿಯಂತ್ರಕರು ಈ ಬೇನೆಗೆಂದೇ ಒಪ್ಪಿಗೆ ಕೊಟ್ಟರು. ಇವು ಒಂದು ರಾತ್ರಿಯಲ್ಲಿ ಫಲ ಕೊಡುವುದಿಲ್ಲ; ಮೂರು-ನಾಲ್ಕು ವಾರ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಮೊದಲ ದಿನಗಳಲ್ಲಿ ಓಕರಿಕೆ, ತಲೆನೋವು, ತಳಮಳ ಬರಬಹುದು. ದಾಂಪತ್ಯ ಸುಖದಲ್ಲಿ ಕುಂದು ಕಾಣಬಹುದು. ವೈದ್ಯರೆದುರು ಹೇಳಲು ಜನ ನಾಚುವ ಈ ಕೊನೆಯ ಕಾರಣಕ್ಕಾಗಿಯೇ ಎಷ್ಟೋ ಗುಳಿಗೆಗಳು ನಡುವೆಯೇ ನಿಂತುಹೋಗುತ್ತವೆ. ಹೇಳಿದರೆ ಬೇರೆ ಔಷಧ, ಬೇರೆ ಪ್ರಮಾಣ, ಏನಾದರೂ ದಾರಿ ಉಂಟು. ಈ ಔಷಧಗಳು ಚಟ ಹಿಡಿಸುವುದಿಲ್ಲ. ಆದರೆ ಒಮ್ಮೆಗೇ ನಿಲ್ಲಿಸಬಾರದು.

ಗುಳಿಗೆಯ ಮಿತಿ ಎಲ್ಲಿದೆ ಎಂಬುದನ್ನು 2001ರಲ್ಲಿ ಪ್ರಕಟವಾದ ಒಂದು ಪ್ರಯೋಗ ಚೆನ್ನಾಗಿ ತೋರಿಸಿತು. ಸರ್ಟ್ರಾಲಿನ್‌ನಿಂದ ಸುಧಾರಿಸಿದ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಅದೇ ಔಷಧವನ್ನು ಮುಂದುವರಿಸಿದರು. ಇನ್ನೊಂದು ಪಾಲಿಗೆ ಅರಿವಿಲ್ಲದಂತೆ ಔಷಧವಿಲ್ಲದ ಹುಸಿಗುಳಿಗೆ ಕೊಟ್ಟರು. ಮುಂದಿನ ಆರೇಳು ತಿಂಗಳಲ್ಲಿ, ಔಷಧ ಮುಂದುವರಿದವರಲ್ಲಿ ಬೇನೆ ಮರುಕಳಿಸಿದುದು ನೂರಕ್ಕೆ 5 ಜನರಲ್ಲಿ. ನಿಂತವರಲ್ಲಿ ನೂರಕ್ಕೆ 26 ಜನರಲ್ಲಿ. ಗುಳಿಗೆ ಕೆಲಸ ಮಾಡುತ್ತದೆಂಬುದಕ್ಕೆ ಇದು ಸಾಕ್ಷಿ. ಅದರ ಕೆಲಸ ಬಹುಮಟ್ಟಿಗೆ ಅದು ಹೊಟ್ಟೆಯೊಳಗೆ ಇರುವಷ್ಟು ಕಾಲ ಎಂಬುದಕ್ಕೂ ಇದೇ ಸಾಕ್ಷಿ.

ಮಾತಿನ ಚಿಕಿತ್ಸೆಯ ಬಗೆ

ಇನ್ನು ಮಾತು. 'ಮಾತಿನಿಂದ ಬೇನೆ ವಾಸಿಯಾಗುವುದಾದರೆ ಕಟ್ಟೆಯ ಮೇಲೆ ಕುಳಿತು ಹರಟುವವರೆಲ್ಲ ವೈದ್ಯರೇ' ಎಂದು ನಗುವವರುಂಟು. ಅವರ ಸಂದೇಹ ತೀರ ಹುಸಿಯಲ್ಲ. ಸಮಾಧಾನದ ಮಾತು, ಧೈರ್ಯದ ಮಾತು, ದೇವರ ಮೇಲೆ ಭಾರ ಹಾಕು ಎನ್ನುವ ಮಾತು, ಇವೆಲ್ಲ ಒಳ್ಳೆಯವೇ. ಆದರೆ ಚಿಕಿತ್ಸೆಯ ಮಾತು ಇವುಗಳಿಂದ ಬೇರೆ. ಅದಕ್ಕೆ ಗೊತ್ತಾದ ಕ್ರಮವಿದೆ, ಗೊತ್ತಾದ ಅವಧಿಯಿದೆ, ಕಲಿತವರು ಬೇಕು.

ಅದರ ತತ್ತ್ವ ಹೀಗಿದೆ. ಸಾಮಾನ್ಯ ನೆನಪಿಗೆ ತಾರೀಖು ಇರುತ್ತದೆ. ಅದು ಆಗಿಹೋದುದು ಎಂದು ಮನಸ್ಸಿಗೆ ಗೊತ್ತಿರುತ್ತದೆ. ಪ್ರಾಣಭಯದ ಹೊತ್ತಿನಲ್ಲಿ ಮೂಡಿದ ನೆನಪು ಹಾಗೆ ಕಡತದಲ್ಲಿ ಸೇರುವುದಿಲ್ಲ. ವಾಸನೆ, ಸದ್ದು, ಬೆಳಕುಗಳ ತುಣುಕುಗಳಾಗಿ ಉಳಿದು, ಅವುಗಳಲ್ಲಿ ಒಂದು ತಾಗಿದೊಡನೆ ಇಡೀ ಭಯ ಈಗಲೇ ಎದುರಾದಂತೆ ಏಳುತ್ತದೆ. ರೋಗಿ ಅದರಿಂದ ಓಡುತ್ತಾನೆ. ಓಡಿದ ಪ್ರತಿಸಲವೂ ತಾತ್ಕಾಲಿಕ ನೆಮ್ಮದಿ ಸಿಗುತ್ತದೆ. ಆದರೆ ಆ ರಸ್ತೆ, ಆ ಸದ್ದು ನಿಜವಾಗಿಯೂ ಅಪಾಯಕರವಲ್ಲವೆಂದು ಮನಸ್ಸು ಕಲಿಯುವ ಅವಕಾಶ ತಪ್ಪುತ್ತದೆ. ಬೇನೆ ಬೇರುಬಿಡುವುದು ಈ ಓಟದಿಂದಲೇ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ರೂಪಿಸಿದ ಚಿಕಿತ್ಸೆಯಲ್ಲಿ ರೋಗಿಯು ಸುರಕ್ಷಿತವಾದ ಕೋಣೆಯಲ್ಲಿ, ಚಿಕಿತ್ಸಕರೆದುರು, ಆ ಘಟನೆಯನ್ನು ಆದಿಯಿಂದ ಅಂತ್ಯದವರೆಗೆ ಮತ್ತೆ ಮತ್ತೆ ಹೇಳುತ್ತಾನೆ. ಹೇಳಿದುದನ್ನು ಧ್ವನಿಮುದ್ರಿಸಿಕೊಂಡು ಮನೆಯಲ್ಲಿ ಕೇಳುತ್ತಾನೆ. ಅದರೊಡನೆ, ತಪ್ಪಿಸಿಕೊಂಡು ತಿರುಗುತ್ತಿದ್ದ ಎಡೆಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಮರಳುತ್ತಾನೆ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಸುಮಾರು ಒಂದೂವರೆ ಗಂಟೆಯಂತೆ, 8ರಿಂದ 15 ಭೇಟಿಗಳು. ಪೆಟ್ರಿಷಿಯಾ ರೆಸಿಕ್ ರೂಪಿಸಿದ ಇನ್ನೊಂದು ಕ್ರಮದಲ್ಲಿ ವಿವರಗಳಿಗಿಂತ ಅವುಗಳಿಂದ ಹುಟ್ಟಿದ ತೀರ್ಮಾನಗಳಿಗೆ ಪ್ರಾಶಸ್ತ್ಯ. 'ಅವಸರಪಡಿಸಿದವನು ನಾನೇ, ಆದುದರಿಂದ ಕೊಂದವನು ನಾನೇ' ಎಂಬ ತೀರ್ಮಾನವನ್ನು ಕಾಗದದ ಮೇಲೆ ಬರೆದು, ಅದಕ್ಕೆ ಸಾಕ್ಷಿಯೇನು, ವಿರುದ್ಧ ಸಾಕ್ಷಿಯೇನು ಎಂದು ನ್ಯಾಯಾಲಯದಲ್ಲಿ ನಡೆಯುವಂತೆ ವಿಚಾರಣೆ ನಡೆಯುತ್ತದೆ. ಸುಮಾರು 12 ಭೇಟಿಗಳು. 1989ರಲ್ಲಿ ಫ್ರಾನ್ಸಿನ್ ಶಾಪಿರೊ ಪ್ರಕಟಿಸಿದ ಮೂರನೆಯ ಕ್ರಮದಲ್ಲಿ, ನೆನಪನ್ನು ಮನಸ್ಸಿನಲ್ಲಿ ಹಿಡಿದಿರುವಾಗಲೇ ಚಿಕಿತ್ಸಕರ ಬೆರಳಿನ ಚಲನೆಯನ್ನು ಕಣ್ಣುಗಳು ಎಡಬಲಕ್ಕೆ ಹಿಂಬಾಲಿಸುತ್ತವೆ. ಕಣ್ಣಿನ ಚಲನೆಯಿಂದಲೇ ಗುಣವೋ, ನೆನಪನ್ನು ಎದುರಿಸುವುದರಿಂದಲೋ ಎಂಬ ಚರ್ಚೆಯಿದ್ದರೂ, ಗುಣವಾಗುವುದುಂಟು ಎಂಬುದರಲ್ಲಿ ತಜ್ಞರಿಗೆ ಸಂದೇಹವಿಲ್ಲ.

ಇದು ಸುಲಭದ ಹಾದಿಯಲ್ಲ. ಮೊದಲ ಭೇಟಿಗಳ ಬಳಿಕ ಕೆಲವರಿಗೆ ದುಃಸ್ವಪ್ನಗಳು ಸ್ವಲ್ಪ ಕಾಲ ಹೆಚ್ಚುತ್ತವೆ. ಇಂಥ ಚಿಕಿತ್ಸೆಗೆ ತೊಡಗಿದ ಐದಾರು ಜನರಲ್ಲಿ ಒಬ್ಬರು ನಡುವೆಯೇ ಬಿಟ್ಟುಹೋಗುತ್ತಾರೆ. ಸಾವಿನ ಯೋಚನೆ ತೀವ್ರವಾಗಿರುವವರಿಗೆ, ಕುಡಿತದಲ್ಲಿ ಮುಳುಗಿರುವವರಿಗೆ, ಇನ್ನೂ ಹಿಂಸೆಯ ನಡುವೆಯೇ ಬದುಕುತ್ತಿರುವವರಿಗೆ ಮೊದಲು ರಕ್ಷಣೆ, ಆಮೇಲೆ ಮಿಕ್ಕದ್ದು.

ತಕ್ಕಡಿಯಲ್ಲಿ ಇಟ್ಟಾಗ

ಎರಡನ್ನೂ ತಕ್ಕಡಿಯಲ್ಲಿಟ್ಟವರು ಏನು ಕಂಡರು? ಅಮೆರಿಕದ 2023ರ ಮಾರ್ಗಸೂಚಿ ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಮಾತಿನ ಚಿಕಿತ್ಸೆಯನ್ನು ಔಷಧಕ್ಕಿಂತ ಮೊದಲ ಸ್ಥಾನದಲ್ಲಿ ಇಡುತ್ತದೆ. ಬ್ರಿಟನ್ನಿನ 2018ರ ಮಾರ್ಗಸೂಚಿಯೂ ಹಾಗೆಯೇ. ರೋಗಿ ಔಷಧವನ್ನೇ ಬಯಸಿದರೆ ಕೊಡಬಹುದೆಂದು ಹೇಳಿ, 18 ವರ್ಷದೊಳಗಿನವರಿಗೆ ಈ ಬೇನೆಗಾಗಿ ಔಷಧ ಕೊಡುವುದು ಬೇಡವೆಂದು ಅದು ಸ್ಪಷ್ಟಪಡಿಸುತ್ತದೆ. ಮಾತಿನ ಚಿಕಿತ್ಸೆ ಫಲಿಸದಿದ್ದಾಗ, ಅದು ದೊರೆಯದಿದ್ದಾಗ, ಇಲ್ಲವೆ ಜೊತೆಗೆ ಖಿನ್ನತೆಯೂ ಬಲವಾಗಿದ್ದಾಗ ಔಷಧವನ್ನು ಯೋಚಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಕಾರಣ ಒಂದೇ: ಭೇಟಿಗಳು ಮುಗಿದ ಬಳಿಕವೂ ಮಾತಿನ ಚಿಕಿತ್ಸೆಯ ಲಾಭ ಉಳಿಯುತ್ತದೆ. ಕಲಿತ ಪಾಠ ಗುಳಿಗೆಯಂತೆ ಕರಗಿಹೋಗುವುದಿಲ್ಲ.

ಆದರೆ ಗುಳಿಗೆಯನ್ನು ಹೀಗಳೆಯುವುದಕ್ಕೂ ಆಧಾರವಿಲ್ಲ. ಅಮೆರಿಕದ ಮಾಜಿ ಸೈನಿಕರಲ್ಲಿ ಫೋವಾ ಅವರ ಚಿಕಿತ್ಸೆ, ಸರ್ಟ್ರಾಲಿನ್, ಎರಡೂ ಕೂಡಿದ್ದು, ಈ ಮೂರನ್ನು ಹೋಲಿಸಿ 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೂರು ಗುಂಪುಗಳೂ ಸುಧಾರಿಸಿದವು. ಒಂದು ಇನ್ನೊಂದನ್ನು ಗಣನೀಯವಾಗಿ ಮೀರಲಿಲ್ಲ. ಎರಡನ್ನೂ ಕೂಡಿಸಿದರೆ ಲಾಭ ಇಮ್ಮಡಿಯಾಗುತ್ತದೆಂಬ ಎಣಿಕೆಯೂ ನಿಲ್ಲಲಿಲ್ಲ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ಇನ್ನೂ ಕುತೂಹಲಕರ. 200 ಜನರಿಗೆ ಇವೇ ಎರಡು ಚಿಕಿತ್ಸೆಗಳನ್ನು ವಿವರಿಸಿ, ನಿಮಗೆ ಯಾವುದು ಬೇಕು ಎಂದು ಮೊದಲು ಕೇಳಿದರು. ಹೆಚ್ಚಿನವರು ಮಾತನ್ನು ಆರಿಸಿದರು. ಬಳಿಕ ಕೆಲವರಿಗೆ ಆರಿಸಿದುದನ್ನೇ ಕೊಟ್ಟರು, ಕೆಲವರಿಗೆ ಚೀಟಿಯೆತ್ತಿದಂತೆ ಯಾವುದೋ ಒಂದನ್ನು ಕೊಟ್ಟರು. ಎರಡು ಚಿಕಿತ್ಸೆಗಳಿಂದಲೂ ಜನ ಸುಧಾರಿಸಿದರು. ತಾವು ಬಯಸಿದುದನ್ನೇ ಪಡೆದವರು ಅದನ್ನು ಹೆಚ್ಚು ನಿಷ್ಠೆಯಿಂದ ನಡೆಸಿಕೊಂಡು ಹೋದರು, ಹೆಚ್ಚು ಗುಣ ಕಂಡರು.

ಇದರ ಅರ್ಥ ಮನೆಮಂದಿಗೆ ತಿಳಿಯುವಂತಿದೆ. ರೋಗಿಯನ್ನು ಕೇಳದೆ ತಾಯಿ ತಾಯಿತವನ್ನೂ ಗೆಳೆಯ ಗುಳಿಗೆಯನ್ನೂ ಭಾವಮೈದುನ ಬುದ್ಧಿವಾದವನ್ನೂ ಆರಿಸಿದರೆ, ಅವುಗಳಲ್ಲಿ ಯಾವುದೂ ಹೆಚ್ಚು ದಿನ ನಡೆಯಲಾರದು. ಎರಡೂ ಚಿಕಿತ್ಸೆಗಳ ಗುಣದೋಷಗಳನ್ನು ಅವನೆದುರು ಇಟ್ಟು, ಆರಿಸುವ ಹಕ್ಕನ್ನು ಅವನಿಗೇ ಬಿಡುವುದು ಚಿಕಿತ್ಸೆಯ ಮೊದಲ ಭಾಗ.

ದೂರದ ಪ್ರಶ್ನೆ

ಆದರೆ ಆರಿಸಲು ಎರಡೂ ಕೈಗೆಟುಕಬೇಕಷ್ಟೆ. ಗುಳಿಗೆ ಎಲ್ಲ ಊರಿನ ಅಂಗಡಿಯಲ್ಲಿದೆ. ಮಾತು ಕಲಿತವರು ಎಲ್ಲ ಊರಿನಲ್ಲಿಲ್ಲ. ಧಾರವಾಡದ ಡಿಮ್ಹಾನ್ಸ್ 1845ರಷ್ಟು ಹಿಂದೆ ಆರಂಭವಾದ ಆಸ್ಪತ್ರೆಯಿಂದ ಬೆಳೆದ ಸಂಸ್ಥೆ. ಅಲ್ಲಿ ಎರಡು ಬಗೆಯ ಚಿಕಿತ್ಸೆಗೂ ತಜ್ಞರಿದ್ದಾರೆ. ಆದರೆ ಹಾವೇರಿಯಿಂದಲೇ ಅದು ನೂರು ಕಿಲೋಮೀಟರಿಗೆ ಸಮೀಪ. ರಾಣೇಬೆನ್ನೂರಿನಿಂದ ಇನ್ನೂ ದೂರ. ತಿಂಗಳಿಗೊಮ್ಮೆ ಹೋಗಿ ಗುಳಿಗೆ ತರಬಹುದು. ಹನ್ನೆರಡು ವಾರ ಪ್ರತಿವಾರವೂ ಒಂದು ದಿನದ ಸಂಬಳ ಬಿಟ್ಟು ಹೋಗುವುದು ದಲಾಲಿ ಅಂಗಡಿಯ ಗುಮಾಸ್ತನಿಗೆ ಸಾಧ್ಯವೇ? ಪುಸ್ತಕದಲ್ಲಿ ಮಾತಿಗೆ ಮೊದಲ ಸ್ಥಾನ. ಹೆದ್ದಾರಿಯ ಪಕ್ಕದ ಊರುಗಳಲ್ಲಿ ಅದಕ್ಕೆ ಕೊನೆಯ ಸ್ಥಾನ.

ಇದಕ್ಕೆ ಇತಿಹಾಸವೂ ಉಂಟು. ಮನೋವೈದ್ಯವನ್ನು ಹಳ್ಳಿಗೆ ಒಯ್ಯುವ ಕೆಲಸದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿತು. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಗುಳಿಗೆಯನ್ನು ಪೆಟ್ಟಿಗೆಯಲ್ಲಿಟ್ಟು ಸಾಗಿಸಬಹುದು. ಒಂದೂವರೆ ಗಂಟೆ ತಾಳ್ಮೆಯಿಂದ ಕೇಳುವವರನ್ನು ಹಾಗೆ ಸಾಗಿಸಲಾಗದು. ಆದುದರಿಂದ ಔಷಧ ಮುಂದೆ ಹೋಯಿತು, ಮಾತು ಹಿಂದುಳಿಯಿತು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮನಸ್ಸಿನ ಬೇನೆಯುಳ್ಳವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನರಿಗೆ ಔಷಧವೂ ಇಲ್ಲ, ಮಾತೂ ಇಲ್ಲ.

ಮಾತನ್ನು ಹಳ್ಳಿಗೆ ಒಯ್ಯಲಾಗದೆಂಬುದು ಮಾತ್ರ ನಿಜವಲ್ಲ. ಆಫ್ರಿಕದ ಕಾಂಗೋ ದೇಶದ ಪೂರ್ವಭಾಗದಲ್ಲಿ ಲೈಂಗಿಕ ಹಿಂಸೆಗೆ ಗುರಿಯಾದ ಹೆಂಗಸರಿಗೆ ರೆಸಿಕ್ ಅವರ ಚಿಕಿತ್ಸೆಯನ್ನು ಗುಂಪಿನಲ್ಲಿ ಕೊಟ್ಟು ನೋಡಿದ ಪ್ರಯೋಗದ ವರದಿ 2013ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ನಡೆಸಿದವರು ವೈದ್ಯರಲ್ಲ; ಪ್ರೌಢಶಾಲೆಯ ಮಟ್ಟದ ಓದಿದ್ದು, ತರಬೇತಿ ಪಡೆದಿದ್ದ ಸ್ಥಳೀಯ ಹೆಂಗಸರು. ಆರು ತಿಂಗಳ ಬಳಿಕ ನೋಡಿದಾಗ, ಬರಿಯ ಆಸರೆಯ ಮಾತು ದೊರೆತಿದ್ದ ಹಳ್ಳಿಗಳಲ್ಲಿ ನೂರಕ್ಕೆ 42 ಹೆಂಗಸರಲ್ಲಿ ಖಿನ್ನತೆ-ಆತಂಕ ಉಳಿದಿದ್ದರೆ, ಈ ಚಿಕಿತ್ಸೆ ದೊರೆತಿದ್ದ ಹಳ್ಳಿಗಳಲ್ಲಿ ನೂರಕ್ಕೆ 9ರಲ್ಲಿ ಮಾತ್ರ ಉಳಿದಿತ್ತು. ಆಘಾತೋತ್ತರ ಬೇನೆಯ ಫಲಿತಾಂಶವೂ ಹೆಚ್ಚುಕಡಿಮೆ ಇದರಂತೆಯೇ. ಓದುಬರಹ ಬಾರದವರಿಗಾಗಿ ಬರೆಯುವ ಪಾಠಗಳನ್ನು ಬಾಯಿಪಾಠಕ್ಕೆ ಒಗ್ಗಿಸಿದ್ದರು. ಅಲ್ಲಿ ಆದುದು ವರದೆ, ತುಂಗಭದ್ರೆಗಳ ತೀರದಲ್ಲಿ ಆಗಬಾರದೆಂದೇನಿಲ್ಲ. ಆಶಾ ಕಾರ್ಯಕರ್ತೆಯರೂ ಶಿಕ್ಷಕರೂ ದಾದಿಯರೂ ಇರುವ ನಾಡಿದು. ಬೇಕಾದುದು ತರಬೇತಿ, ಮತ್ತು ತಪ್ಪಿದಾಗ ತಿದ್ದುವ ಹಿರಿಯರ ಮೇಲ್ವಿಚಾರಣೆ.

ಅಲ್ಲಿಯವರೆಗೆ ಇರುವ ಬಾಗಿಲುಗಳನ್ನಾದರೂ ತಟ್ಟಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರೊಡನೆ ಮನಶ್ಶಾಸ್ತ್ರಜ್ಞರಿಗೂ ಸಮಾಜ ಕಾರ್ಯಕರ್ತರಿಗೂ ಸ್ಥಾನವಿದೆ. ಹಾವೇರಿಯಲ್ಲಿ ವಿಚಾರಿಸುವವರು 'ಗುಳಿಗೆ ಕೊಡಿ' ಎಂದಷ್ಟೇ ಕೇಳದೆ 'ಆಪ್ತಸಮಾಲೋಚನೆಯೂ ಬೇಕು' ಎಂದು ಕೇಳಬೇಕು. 2014ರಲ್ಲಿ ರಾಜ್ಯದಲ್ಲಿ ಆರಂಭವಾದ ಮನೋಚೈತನ್ಯ ಯೋಜನೆ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೇ ಮನೋವೈದ್ಯರ ಸೇವೆಯನ್ನು ತರುವ ಉದ್ದೇಶದ್ದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಸಾವಿನ ಯೋಚನೆ ಸುಳಿದ ರಾತ್ರಿ ಈ ಸಂಖ್ಯೆ ಮನೆಯ ಗೋಡೆಯ ಮೇಲೆ ಬರೆದಿದ್ದರೆ ಒಂದು ಜೀವ ಉಳಿದೀತು.

ಮನೆಯವರ ಪಾಲು

ಮನಸ್ಸಿನ ಬೇನೆಯನ್ನು ಕುರಿತು ಓದುವುದಕ್ಕೆ ಕನ್ನಡಿಗರು ಎಂದೂ ಹಿಂಜರಿದವರಲ್ಲ. 'ಕೊರವಂಜಿ'ಯ ಮೂಲಕ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರು ಮನಸ್ಸನ್ನು ಕುರಿತು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೇ ಬಂದಿತು. ಓದುವುದು ಸುಲಭ, ತನ್ನ ಮನೆಯಲ್ಲಿಯೇ ಅದು ಕಾಣಿಸಿಕೊಂಡಾಗ ಹೆಸರು ಹಿಡಿದು ಕರೆಯುವುದೇ ಕಷ್ಟ. 'ಗಂಡಸಾಗಿ ಅಂಜುವುದೇ' ಎಂಬ ಒಂದು ಮಾತು ಹತ್ತು ಭೇಟಿಗಳ ಫಲವನ್ನು ಕೆಡಿಸಬಲ್ಲದು. 'ಮರೆತುಬಿಡು' ಎನ್ನುವುದೂ ಉಪಕಾರವಲ್ಲ. ಮರೆಯಲಾಗದಿರುವುದೇ ಅವನ ಬೇನೆ. ಅವನ ಪರವಾಗಿ ಎಲ್ಲ ಕೆಲಸವನ್ನೂ ತಾವೇ ಮಾಡಿ, ರಸ್ತೆಗೇ ಇಳಿಯದಂತೆ ಕಾಯುವುದು ಪ್ರೀತಿಯಂತೆ ಕಂಡರೂ ಅಂಜಿಕೆಗೆ ಅನ್ನ ಹಾಕಿದಂತೆ.

ತಾಯಿಯ ತಾಯಿತವನ್ನು ಕಿತ್ತೊಗೆಯಬೇಕಾಗಿಲ್ಲ. ಅದು ಕೊರಳಲ್ಲಿರಲಿ, ಆಸ್ಪತ್ರೆಯ ಹಾದಿಯನ್ನು ತಡೆಯದಿದ್ದರೆ ಸಾಕು.

ಆ ಊಹೆಯ ಮನೆಗೆ ಮರಳಿದರೆ, ಅಲ್ಲಿ ಮುಂದೆ ನಡೆಯಬಹುದಾದುದು ಹೀಗೆ. ಒಂದು ಮಂಗಳವಾರ ಹೆಂಡತಿ ಮತ್ತು ಅವಳ ಅಣ್ಣ ಅವನನ್ನು ವೈದ್ಯರಲ್ಲಿಗೆ ಕರೆದೊಯ್ಯುತ್ತಾರೆ. ಗೆಳೆಯನ ಚೀಟಿಯ ಗುಳಿಗೆಯನ್ನು ವೈದ್ಯರು ಒಮ್ಮೆಗೇ ನಿಲ್ಲಿಸದೆ, ವಾರವಾರಕ್ಕೆ ಕಡಿಮೆ ಮಾಡುತ್ತ ಬಿಡಿಸುತ್ತಾರೆ. ಊಟ ಸೇರದಷ್ಟು, ಕೆಲಸಕ್ಕೆ ಏಳಲಾಗದಷ್ಟು ಮನಸ್ಸು ಕುಗ್ಗಿರುವುದರಿಂದ ಸರ್ಟ್ರಾಲಿನ್ ಆರಂಭಿಸುತ್ತಾರೆ. ಜೊತೆಗೆ ವಾರಕ್ಕೊಮ್ಮೆ ಹಾವೇರಿಯಲ್ಲಿ ಮಾತು. 'ಎರಡರಲ್ಲಿ ಯಾವುದು ಬೇಕು ನಿಮಗ?' ಎಂದು ಕೇಳಿದಾಗ ಆತ ಬಹಳ ಹೊತ್ತು ಸುಮ್ಮನಿದ್ದು, 'ಹೇಳಿಬಿಡಬೇಕು ಅನ್ನಸ್ತೈತ್ರಿ' ಎನ್ನುತ್ತಾನೆ.

ಮೊದಲ ಮೂರು ವಾರ ಕಷ್ಟದವು. ನಾಲ್ಕನೆಯ ವಾರ ಆತ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕುಳಿತು ಮನೆಗೆ ಬರುತ್ತಾನೆ. ಅದೇ ಆ ವಾರದ ಪಾಠ. ಆರನೆಯ ವಾರ, ರವಿವಾರದ ಮಧ್ಯಾಹ್ನ, ಹೆಂಡತಿಯೊಡನೆ ಮೋಟೆಬೆನ್ನೂರಿನವರೆಗೆ ಬಸ್ಸಿನಲ್ಲಿ ಹೋಗಿ ಚಹಾ ಕುಡಿದು ಹಿಂದಿರುಗುತ್ತಾನೆ. ಅವಸರಪಡಿಸಿದವನು ತಾನೇ ಎಂಬುದು ನಿಜ. ಆದರೆ ಲಾರಿಯನ್ನು ತಂದು ಹಾಯಿಸಿದವನು ತಾನಲ್ಲ ಎಂಬುದೂ ನಿಜವೆಂದು ಒಂಬತ್ತನೆಯ ವಾರ ಅವನ ಬಾಯಿಂದಲೇ ಬರುತ್ತದೆ. ಚಾಲಕನ ಮನೆಗೆ ಹೋಗಿ ಅವನ ಮಕ್ಕಳನ್ನು ಕಂಡು ಬರುತ್ತಾನೆ. ಅದುವರೆಗೆ ಆ ಓಣಿಯನ್ನೇ ಹಾಯ್ದಿರಲಿಲ್ಲ.

ಸತ್ತವನು ಮರಳುವುದಿಲ್ಲ, ನೆನಪೂ ಅಳಿಯುವುದಿಲ್ಲ. ಒಂದು ಸೋಮವಾರದ ಬೆಳಿಗ್ಗೆ ಆತ ಬ್ಯಾಡಗಿಯ ಬಸ್ಸು ಹತ್ತುತ್ತಾನೆ. ಎದುರಿನಿಂದ ಬಂದ ಲಾರಿ ಹಾರ್ನ್ ಹಾಕುತ್ತದೆ. ಎದೆ ಒಮ್ಮೆ ಹೊಡೆದುಕೊಳ್ಳುತ್ತದೆ, ಲಾರಿ ಹಾದುಹೋಗುತ್ತದೆ, ಆತ ಕಿಟಕಿಯ ಪಕ್ಕದಲ್ಲಿ ಕುಳಿತೇ ಇರುತ್ತಾನೆ.